ಚಳಿಗಾಲಕ್ಕೆ ಕೋಳಿ ಆವರಣ: ನಾನು ಮಾಡಿಕೊಂಡ ತಯಾರಿ

ಕೋಳಿಗೆ ಚಳಿ ನಾವಂದುಕೊಂಡಷ್ಟು ದೊಡ್ಡ ಶತ್ರು ಅಲ್ಲ. ಅದರ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಪುಕ್ಕ ಉಬ್ಬಿಸಿಕೊಂಡು ಕೂತರೆ ಗಾಳಿ ಒಳಗೇ ಸಿಕ್ಕಿಕೊಂಡು ಮೈ ಬೆಚ್ಚಗಿರುತ್ತದೆ. ಆದರೆ ಪುಕ್ಕ ಒದ್ದೆಯಾಯಿತೋ, ಗಾಳಿ ನುಗ್ಗಿ ಕೆದರಿತೋ, ಆ ಬಿಸಿ ನಿಲ್ಲುವುದಿಲ್ಲ. ಹಾಗಾಗಿ ನಾನು ಹಣ, ಶ್ರಮ ಎರಡನ್ನೂ ಸುರಿದದ್ದು ಆವರಣ ಒಣಗಿರಲಿ, ಗಾಳಿ ನೇರ ಬಡಿಯದಿರಲಿ ಅನ್ನುವುದಕ್ಕೆ. ಬಿಸಿ ಮಾಡುವ ಗೋಜಿಗೇ ಹೋಗಲಿಲ್ಲ.

ಮೊದಲು ಹಿಡಿದದ್ದು ನೆಲ. ಕೋಳಿ ಓಡಾಡುವ ಜಾಗದಲ್ಲಿ ಹುಲ್ಲು ಎಲ್ಲಿ ಉಳಿಯುತ್ತದೆ ಹೇಳಿ, ಎಲ್ಲ ಕೆದಕಿ ಹಾಕಿರುತ್ತವೆ, ಮಳೆ ಬಿದ್ದರೆ ಕೆಸರೋ ಕೆಸರು. ಕೆಸರಿಗೆ ಹಿಕ್ಕೆ ಸೇರಿದರೆ ವಾಸನೆ ಒಂದು ಕಡೆ, ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಸೂಕ್ಷ್ಮ ಪರಾವಲಂಬಿ ಜೀವಿಗೆ ಹಬ್ಬ ಇನ್ನೊಂದು ಕಡೆ. ಮೇಲೆ ಏನಾದರೂ ಹಾಸುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ಮಳೆಯಲ್ಲೇ ನಿಂತು ನೋಡಿದೆ. ಅರ್ಧ ನೀರು ಗೂಡಿನ ಸೂರಿನಿಂದಲೇ ಆವರಣಕ್ಕೆ ಸುರಿಯುತ್ತಿತ್ತು. ಸೂರಿಗೆ ದೋಣಿ ಕಟ್ಟಿ ಪೈಪಿನಲ್ಲಿ ಹೊರಗೆ ಬಿಟ್ಟೆ, ಇಳಿಜಾರಿನ ಮೇಲ್ಬದಿಗೆ ಸಣ್ಣ ಕಾಲುವೆ ತೋಡಿದೆ. ಹಳೆ ರಾಡಿ ಕೆರೆದು ಗೊಬ್ಬರದ ಗುಂಡಿಗೆ ಹಾಕಿ, ದಪ್ಪ ಮರದ ಚೂರುಗಳನ್ನು ಒಂದು ಗೇಣು ಎತ್ತರ ಹರಡಿದೆ, ಅದರ ಮೇಲೆ ಒಣ ಎಲೆ. ಒಣಹುಲ್ಲು ಗೂಡಿನೊಳಗೆ ಸರಿ, ಬಯಲಲ್ಲಿ ಬೇಡ. ನೆನೆದರೆ ಚಾಪೆಯ ಹಾಗೆ ಅಂಟಿಕೊಂಡು ಬೂಸಲು ಹಿಡಿಯುತ್ತದೆ. ಮರದ ಚೂರು ನೀರನ್ನು ಕೆಳಗೆ ಇಳಿಸಿಬಿಡುತ್ತದೆ, ಮೇಲೆ ಒಂದಿಷ್ಟು ಕಾಳು ಎರಚಿದರೆ ಕೋಳಿಗಳೇ ದಿನವಿಡೀ ಕೆದಕಿ ಮಗುಚುತ್ತವೆ.

ಗಾಳಿ ಬರುವ ಎರಡು ಬದಿಗೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಕಿದೆ, ಅದೂ ನೆಲದಿಂದ ಎದೆಮಟ್ಟದವರೆಗೆ ಮಾತ್ರ. ಮೇಲೆ ಜಾಲರಿ ಹಾಗೇ ಇದೆ, ಬಿಸಿಲು ಬೀಳುವ ಬದಿ ಪೂರ್ತಿ ತೆರೆದಿದೆ. ನೀಲಿ ಟಾರ್ಪಾಲು ಅಗ್ಗ ನಿಜ, ಆದರೆ ಬೆಳಕು ತಡೆಯುತ್ತದೆ. ಚಳಿಗಾಲದಲ್ಲಿ ಹಗಲೇ ಕಮ್ಮಿ, ಮೊಟ್ಟೆ ಚೆನ್ನಾಗಿ ಬರಲು 14 ಗಂಟೆಯಾದರೂ ಬೆಳಕು ಬೇಕು, ಇರುವುದನ್ನೂ ನಾವೇ ಮುಚ್ಚಿದರೆ ಹೇಗೆ? ಹಾಳೆಯನ್ನು ಮರದ ಪಟ್ಟಿ ಒತ್ತಿ ಸ್ಕ್ರೂ ಹಾಕಿ ಬಿಗಿ ಮಾಡಿ. ಸುಮ್ನೆ ದಾರ ಕಟ್ಟಿದರೆ ಪಟಪಟ ಬಡಿದು ಹರಿಯುತ್ತದೆ, ಕೋಳಿಗಳೂ ಬೆಚ್ಚುತ್ತವೆ.

ಹಿಮ ಬೀಳುವ ಕಡೆ ಮೇಲಿನ ಬಲೆಯನ್ನು ನಂಬಬೇಡಿ. ಒದ್ದೆ ಹಿಮ ಬಲೆಯ ಕಣ್ಣಿಗೆ ಅಂಟಿಕೊಂಡು ಕಂಬ ಸಮೇತ ಕೆಡವುತ್ತದೆ. ನಾನು ಬಲೆ ತೆಗೆದು ಇಳಿಜಾರಾಗಿ ತಗಡು ಹೊದಿಸಿದೆ, ನಡುವೆ ಊರುಗೋಲು ಕೊಟ್ಟೆ.

ಇನ್ನು ಗೂಡು. ಚಳಿ ಅಂತ ಎಲ್ಲ ಕಿಂಡಿಗೂ ಬಟ್ಟೆ ತುರುಕುವವರು ಜಾಸ್ತಿ ಅಲ್ವಾ, ಅದೇ ಕೆಡುಕು. ರಾತ್ರಿಯಿಡೀ ಉಸಿರು, ಹಿಕ್ಕೆಗಳ ತೇವ ಒಳಗೇ ತುಂಬುತ್ತದೆ, ಅಮೋನಿಯಾ ಏಳುತ್ತದೆ, ತೇವವಾದ ಜುಟ್ಟಿಗೆ ಹಿಮಗಡಿತ ಬೇಗ ತಗಲುತ್ತದೆ. ಸೂರಿನ ಕೆಳಗೆ, ಕೂತ ಕೋಳಿಯ ತಲೆಗಿಂತ ಎತ್ತರದ ಕಿಂಡಿ ತೆರೆದೇ ಇರಬೇಕು. ಬೆಳಿಗ್ಗೆ ಕಿಟಕಿ ಗಾಜಿನ ಒಳಬದಿಯಲ್ಲಿ ಹನಿ ಕಂಡರೆ ಇನ್ನಷ್ಟು ತೆರೆಯುತ್ತೇನೆ. ಕೂರುವ ಪಟ್ಟಿಯ ಅಗಲದ ಮುಖ ಮೇಲಿರಲಿ, ಆಗ ಬೆರಳು ಹೊಟ್ಟೆಯ ಪುಕ್ಕದಡಿ ಮುಚ್ಚಿಹೋಗುತ್ತದೆ. ಬಿಸಿ ಬಲ್ಬು ಮಾತ್ರ ಬೇಡವೇ ಬೇಡ. ಧೂಳು, ಒಣಹುಲ್ಲು, ರೆಕ್ಕೆ ಬಡಿತ ಇರುವ ಕಡೆ ಬೆಂಕಿ ಹತ್ತಲು ಎಷ್ಟು ಹೊತ್ತು?

ನೀರನ್ನು ಗೂಡಿನ ಹೊರಗೇ ಇಡುತ್ತೇನೆ, ಕಪ್ಪು ರಬ್ಬರ್ ತೊಟ್ಟಿಯಲ್ಲಿ. ಹೆಪ್ಪುಗಟ್ಟಿದರೆ ಮಗುಚಿ ತುಳಿದರೆ ಸಾಕು, ಮಂಜುಗಡ್ಡೆ ಬಿಡುತ್ತದೆ, ತೊಟ್ಟಿ ಒಡೆಯುವುದಿಲ್ಲ. ಚಳಿಗೆ ಮೇವು ಜಾಸ್ತಿ ತಿನ್ನುತ್ತವೆ, ಮಾಮೂಲಿ ಆಹಾರವನ್ನೇ ಹೆಚ್ಚಿಸಿ. ಸಂಜೆ ಒಂದು ಹಿಡಿ ಮೆಕ್ಕೆಜೋಳ ಎರಚಬಹುದು, ಆದರೆ ಅದನ್ನೇ ಹೊಟ್ಟೆತುಂಬ ಕೊಟ್ಟರೆ ಕೊಬ್ಬು ಬೆಳೆದು ಮೊಟ್ಟೆ ಕಮ್ಮಿಯಾಗುತ್ತದೆ.