ಕೊಂಡಿ ಬಿಡಬೇಡಿ, ಬಣ್ಣ ಬದಲಿಸಿ

ಇಳಕಲ್‌ನಲ್ಲಿ ಹೊಸದಾಗಿ ಮಗ್ಗಕ್ಕೆ ಕೂರುವವರಿಗೆ ನಾನು ಹೇಳುವುದು ಇಷ್ಟೇ: ಯಾವುದನ್ನು ಬಿಡಬಾರದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ನಮ್ಮ ಸೀರೆಗೆ ಅದು ಕೊಂಡಿ. ಮೈಯ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು, ಬೇರೆ; ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಒಂದೊಂದು ಎಳೆಯನ್ನೂ ಇನ್ನೊಂದರ ಕುಣಿಕೆಗೆ ಸಿಕ್ಕಿಸಿ ಜೋಡಿಸಬೇಕು, ಅದೇ ಕೊಂಡಿ. ಬೆರಳು ನೋಯುತ್ತೆ, ಕಣ್ಣು ಸೋಲುತ್ತೆ. ಆದರೂ ಕೊಂಡಿ ಹೋದರೆ ಅದು ಇಳಕಲ್ ಸೀರೆ ಹೇಗಾಗುತ್ತೆ ಹೇಳಿ? ಇಲ್ಲಿ ಹಠ ಇರಲೇಬೇಕು.

ಉಳಿದದ್ದರಲ್ಲಿ ಗಿರಾಕಿಯ ಮಾತು ಕೇಳಿ. ಕಾಲೇಜಿನ ಹುಡುಗಿಯರು ತಿಳಿ ಬಣ್ಣ, ಹಗುರ ಸೀರೆ ಬೇಕು ಅಂದರೆ ನೇಯ್ದು ಕೊಡಿ. ಟೋಪ್ ತೆನಿ ಸೆರಗು, ಅಂದರೆ ಕೆಂಪಿನ ಮೇಲೆ ಬಿಳಿ ವಿನ್ಯಾಸದ ನಮ್ಮ ಹಳೇ ಸೆರಗು, ಮಾತ್ರ ಹಾಗೇ ಇರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಬಣ್ಣ, ನೂಲು ಎರಡನ್ನೂ ಒಟ್ಟಿಗೆ ಬದಲಿಸಿದರೆ ಸೀರೆ ಯಾಕೆ ಮಾರಿ ಹೋಯ್ತು, ಯಾಕೆ ಉಳೀತು ಅಂತ ತಿಳಿಯೋದಿಲ್ಲ. ಕೊಂಡಿ ಸೀರೆಗೆ ಒಂದೊಂದಕ್ಕೂ ಬೇರೆ ಹಾಸು ಕೂಡಿಸಬೇಕು, ಅಲ್ವಾ? ಎಲ್ಲರೂ ಇದನ್ನು ಕಷ್ಟ ಅಂತಾರೆ. ನನಗೆ ಇದೇ ದೊಡ್ಡ ಅನುಕೂಲ ಅನಿಸುತ್ತದೆ. ಹೊಸ ಬಣ್ಣವನ್ನು ಒಂದೇ ಸೀರೆಯಲ್ಲಿ ನೋಡಬಹುದು, ಜಾಸ್ತಿ ನೂಲು ಹಾಳಾಗೋದಿಲ್ಲ.

ಆ ಸೀರೆಯನ್ನು ಮದುವೆ ಹಂಗಾಮು ಮುಗಿಯುವವರೆಗೂ ಅಂಗಡಿಯಲ್ಲಿಡಿ. ಒಂದು ವಾರ ಯಾರೂ ಕೊಳ್ಳಲಿಲ್ಲ ಅಂತ ಸುಮ್ನೆ ಕೈಬಿಡಬೇಡಿ. ಗಿರಾಕಿ ಮುಟ್ಟಿ ನೋಡಿ ಮಡಚಿಟ್ಟರೆ ಕೇಳಿ: ಬೆಲೆ ಜಾಸ್ತಿ ಆಯ್ತಾ, ಬಣ್ಣ ಹಿಡಿಸಲಿಲ್ವಾ, ಭಾರವಾ? ಹೇಳಿದ್ದನ್ನು ವಹಿಯಲ್ಲಿ ಬರೆದು, ಪಕ್ಕದಲ್ಲೇ ಆ ನೂಲಿನ ತುಂಡು ಅಂಟಿಸಿ. ಮುಂದಿನ ಸಲ ನೂಲು ತರಲು ಹೋಗುವಾಗ ಆ ವಹಿ ಕೈಯಲ್ಲಿರಲಿ.