ರೈಡ್‌ನ ಕ್ಯೂನಲ್ಲಿ ಮನರಂಜನೆ: ಏನು ಇಡಬೇಕು, ಎಲ್ಲಿ ಇಡಬೇಕು

ಅಮ್ಯೂಸ್‌ಮೆಂಟ್ ಪಾರ್ಕಿನ ರೈಡ್‌ಗಾಗಿ ಸಾಲಿನಲ್ಲಿ ಸುಮ್ಮನೆ ನಿಂತವರಿಗೆ ಹತ್ತು ನಿಮಿಷವೂ ಬಹಳ ಹೊತ್ತು. ಕಣ್ಣಿಗೋ ಕೈಗೋ ಏನಾದರೂ ಸಿಕ್ಕರೆ ಅದೇ ಹತ್ತು ನಿಮಿಷ ಕಳೆದದ್ದೇ ಗೊತ್ತಾಗುವುದಿಲ್ಲ. ಆದರೆ ನೆರಳು, ಫ್ಯಾನು, ಕುಡಿಯುವ ನೀರು ಇಲ್ಲದ ಕಡೆ ಟಿವಿ ಹಾಕಿ ಪ್ರಯೋಜನವಿಲ್ಲ. ದುಡ್ಡು ಮೊದಲು ಆ ಸೌಕರ್ಯಗಳಿಗೆ ಹೋಗಲಿ.

ಆಮೇಲೆ ಕಾಯುವ ಹೊತ್ತಿನ ಲೆಕ್ಕ. ರೈಡ್‌ನಲ್ಲಿ 24 ಸೀಟು, ಹತ್ತಿಸಿ ಇಳಿಸುವುದೂ ಸೇರಿ ಸುತ್ತಿಗೆ 3 ನಿಮಿಷ ಎಂದಾದರೆ ಗಂಟೆಗೆ 480 ಜನ. ಖಾಲಿ ಹೋಗುವ ಸೀಟು ಬಿಟ್ಟು 400 ಎಂದು ಹಿಡಿಯಿರಿ. ಮುಂದೆ 200 ಜನ ಇದ್ದರೆ ಅರ್ಧ ಗಂಟೆ ಕಾಯಬೇಕು. ಬೋರ್ಡಿನಲ್ಲಿ 35 ಎಂದು ಬರೆಯಿರಿ. ಐದು ನಿಮಿಷ ಮೊದಲೇ ಹತ್ತಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಂಬಿಗಳ ನಡುವೆ ಸುತ್ತಿ ಸುತ್ತಿ ಸಾಗುವ ಸಾಲಿನಲ್ಲಿ ಒಂದೇ ಪರದೆ ಎಲ್ಲ ತಿರುವಿನಿಂದಲೂ ಕಂಡರೆ, 3 ನಿಮಿಷದ ವಿಡಿಯೊವನ್ನು ಪ್ರತಿಯೊಬ್ಬರೂ ಹತ್ತು ಸಲ ನೋಡಬೇಕು. ಅದು ಮನರಂಜನೆಯಲ್ಲ, ಹಿಂಸೆ. ಒಂದೊಂದು ಭಾಗಕ್ಕೆ ಒಂದೊಂದು ಪರದೆಯನ್ನು ಬೇರೆ ಭಾಗದವರಿಗೆ ಕಾಣದಂತೆ ಇಡಿ, ಕಥೆ ಮುಂದುವರಿಯುತ್ತಾ ಹೋಗಲಿ.

ಮುಟ್ಟಿ ಆಡುವ ವಸ್ತುಗಳಲ್ಲೇ ಹೆಚ್ಚು ಎಡವಟ್ಟಾಗುವುದು. ಮಗು ಆಟ ಮುಗಿಸುವವರೆಗೆ ಕದಲುವುದಿಲ್ಲ, ಮುಂದೆ ಜಾಗ ಖಾಲಿಯಾಗುತ್ತದೆ, ಹಿಂದಿನವರು ನುಗ್ಗುತ್ತಾರೆ, ಜಗಳ ಶುರು. ಗೆಲ್ಲುವ-ಸೋಲುವ ಆಟ ಬೇಡ. ಕೆಲವೇ ಸೆಕೆಂಡಿನಲ್ಲಿ ಮುಗಿಯುವಂಥದ್ದು ಸಾಕು. 1995ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ತೆರೆದ ಇಂಡಿಯಾನಾ ಜೋನ್ಸ್ ರೈಡ್‌ನ ಸಾಲಿನಲ್ಲಿ ಒಂದು ಬಾವಿ, ಅದಕ್ಕೊಂದು ಹಗ್ಗ. ಎಳೆಯಬೇಡಿ ಎಂಬ ಬೋರ್ಡನ್ನೂ ಮೀರಿ ಜಗ್ಗಿದರೆ ಒಳಗಿನಿಂದ ಯಾರೋ ಕೂಗುತ್ತಾರೆ. ಅಷ್ಟೇ. ನಕ್ಕು ಮುಂದೆ ಹೋಗುತ್ತಾರೆ, ಸಾಲು ನಿಲ್ಲುವುದಿಲ್ಲ. ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ದೊಡ್ಡ ಆಟಗಳನ್ನೇ ಇಡುವುದಾದರೆ ಪಕ್ಕದಲ್ಲಿ ನೇರವಾಗಿ ಸಾಗುವ ದಾರಿಯೂ ಇರಲಿ. ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿರುವ ಹಾಂಟೆಡ್ ಮ್ಯಾನ್ಶನ್ ಎಂಬ ಭೂತಬಂಗಲೆ ರೈಡ್‌ನ ಸಾಲಿಗೆ 2011ರಲ್ಲಿ ಮುಟ್ಟಿ ಆಡುವ ಸಮಾಧಿಗಳನ್ನು ಸೇರಿಸಿದಾಗ ಹೀಗೇ ಮಾಡಿದರು.

ಜಾದೂಗಾರ, ವೇಷಧಾರಿಗಳು ಕಂಬಿಯ ಹೊರಗೆ, ಸಾಲಿನ ಬಾಲದ ಕಡೆಗೆ ನಡೆಯಲಿ. ಒಂದೇ ಕಡೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು.

ಹತ್ತುವ ಜಾಗದ ಹತ್ತಿರ ಮನರಂಜನೆ ಇಡಲೇಬೇಡಿ. ಅಲ್ಲಿ ಚಪ್ಪಲಿ, ಫೋನು, ಕನ್ನಡಕ ಎಲ್ಲಿಡಬೇಕು ಎಂಬ ಸೂಚನೆ ಮಾತ್ರ ಇರಲಿ. ಎತ್ತರ ಅಳೆಯುವ ಪಟ್ಟಿ ಸಾಲಿನ ಬಾಗಿಲಲ್ಲೇ ಇರಬೇಕು. ಅರ್ಧ ಗಂಟೆ ನಿಂತ ಮಗುವನ್ನು ಮೆಟ್ಟಿಲ ಬಳಿ ವಾಪಸ್ ಕಳಿಸಿದರೆ ಯಾವ ವಿದೂಷಕನೂ ಆ ಅಳು ನಿಲ್ಲಿಸಲಾರ.

ರೈಡ್ ಕೆಟ್ಟು ನಿಂತರೆ ಹಾಡು, ವಿಡಿಯೊ ಎಲ್ಲ ತಕ್ಷಣ ಬಂದ್ ಮಾಡಿ. ಕಾರಣ ಹೇಳಿ, ಐದೈದು ನಿಮಿಷಕ್ಕೊಮ್ಮೆ ಮೈಕಿನಲ್ಲಿ ಸ್ಥಿತಿ ತಿಳಿಸಿ.

ಫಲ ಸಿಕ್ಕಿತೇ ಎಂದು ನೋಡಲು ಸಾಲಿನ ಕೊನೆಯವರ ಕೈಗೆ ಸಮಯ ಬರೆದ ಚೀಟಿ ಕೊಡಿ, ಹತ್ತುವಾಗ ವಾಪಸ್ ಪಡೆದು "ಎಷ್ಟು ಹೊತ್ತು ನಿಂತಿರಿ ಅನ್ನಿಸಿತು?" ಎಂದು ಕೇಳಿ. ಬದಲಾವಣೆಗೆ ಮೊದಲೊಂದು ವಾರ, ನಂತರ ಒಂದು ವಾರ ಹೀಗೆ ಮಾಡಿ, ಜೊತೆಗೆ ಖಾಲಿ ಹೋದ ಸೀಟುಗಳನ್ನೂ ಎಣಿಸಿ. ಅವು ಹೆಚ್ಚಿದ್ದರೆ ಸಾಲನ್ನು ತಡೆಯುತ್ತಿರುವ ಆಟ ಯಾವುದೆಂದು ಹುಡುಕಿ ತೆಗೆಯಿರಿ.