ಸೆಂಟ್ರಲ್ ಲೈನ್ ಫ್ಲಷ್: ಸಲೈನ್ ಸಾಕಾ, ಹೆಪಾರಿನ್ ಬೇಕಾ?

ಐಸಿಯುಗೆ ಹೊಸದಾಗಿ ಬರುವ ನರ್ಸ್‌ಗಳು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ (ಕ್ಯಾತಿಟರ್), ಕಟ್ಟಿಕೊಳ್ಳದಂತೆ ಫ್ಲಷ್ ಮಾಡಲು, ಅಂದರೆ ದ್ರವ ತಳ್ಳಿ ತೊಳೆಯಲು, ಏನು ಬಳಸಬೇಕು? ನನ್ನ ಉತ್ತರ ನೇರವಾಗಿದೆ. ಮಾಮೂಲಿ ಸೆಂಟ್ರಲ್ ಲೈನ್‌ಗೆ, ತೋಳಿನಿಂದ ಹಾಕುವ ಪಿಕ್ ಲೈನ್‌ಗೆ 0.9% ಸಲೈನ್ (ಉಪ್ಪು ನೀರು) ಸಾಕು. ಹೆಪಾರಿನ್ ಹಾಕಬೇಕಾದರೆ ಅದಕ್ಕೊಂದು ಕಾರಣ ಇರಬೇಕು, ಡಾಕ್ಟರ ಆರ್ಡರ್ ಬರವಣಿಗೆಯಲ್ಲಿ ಇರಬೇಕು.

ನಾನು ಕೆಲಸ ಕಲಿಯುವಾಗ ಎಲ್ಲ ಲೈನ್‌ಗೂ ಹೆಪಾರಿನ್ ತುಂಬಿಯೇ ಮುಚ್ಚುತ್ತಿದ್ದೆವು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಅದು, ಹಾಗಾಗಿ ಲೈನ್ ಕಟ್ಟಿಕೊಳ್ಳುವುದಿಲ್ಲ ಅನ್ನುವುದು ಸಹಜವಾದ ಲೆಕ್ಕ. ಆದರೆ ಎರಡನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳಲ್ಲಿ, ದೊಡ್ಡವರ ವಿಷಯದಲ್ಲಿ, ಹೆಪಾರಿನ್‌ನಿಂದ ಲಾಭ ಇದ್ದರೂ ಅದು ಚಿಕ್ಕದು, ಅದಕ್ಕಿರುವ ಪುರಾವೆಯೂ ಗಟ್ಟಿಯಿಲ್ಲ. ಅಪಾಯ ಮಾತ್ರ ನಿಜವಾದದ್ದು.

ಮೊದಲನೆಯದು ಎಚ್‌ಐಟಿ, ಅಂದರೆ ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿಯುವ ತೊಂದರೆ. ಹೆಪಾರಿನ್ ಸಿಕ್ಕ ಮೇಲೆ ಸಾಮಾನ್ಯವಾಗಿ 5ರಿಂದ 10 ದಿನದೊಳಗೆ ಪ್ಲೇಟ್‌ಲೆಟ್ ಅರ್ಧಕ್ಕೆ ಇಳಿಯಬಹುದು, ಅದರ ಜೊತೆಗೇ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಬಹುದು. ಅಪರೂಪ ನಿಜ, ಆದರೆ ಫ್ಲಷ್‌ನಲ್ಲಿ ಹೋಗುವ ಅಷ್ಟೇ ಅಷ್ಟು ಹೆಪಾರಿನ್ ಕೂಡ ಇದಕ್ಕೆ ಕಾರಣವಾಗಬಲ್ಲದು. ಪ್ಲೇಟ್‌ಲೆಟ್ ಬಿದ್ದಾಗ ಎಲ್ಲರೂ ಔಷಧಿ ಚಾರ್ಟ್ ನೋಡುತ್ತಾರೆ. ಫ್ಲಷ್ ಬಹಳ ಸಲ ಆ ಚಾರ್ಟ್‌ನಲ್ಲಿ ಇರುವುದೇ ಇಲ್ಲ! ಅದಕ್ಕೇ ನಾನು ಹೆಪಾರಿನ್ ಲಾಕ್ (ಲೈನ್ ಒಳಗೆ ತುಂಬಿ ಮುಚ್ಚಿಡುವ ಹೆಪಾರಿನ್) ಅನ್ನೂ ಔಷಧಿ ಅಂತಲೇ ಬರೆಸುತ್ತೇನೆ.

ಎರಡನೆಯದು ಸ್ಟ್ರೆಂತ್. ಎಂಎಲ್‌ಗೆ 10 ಯೂನಿಟ್, 100, 1000, 5000 ಹೀಗೆ ಎಷ್ಟೋ ಬಗೆ ಇವೆ, ವಯಲ್‌ಗಳು ನೋಡಲು ಒಂದೇ ಥರ. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 10 ಯೂನಿಟ್‌ನದರ ಬದಲು 10,000 ಯೂನಿಟ್‌ನ ವಯಲ್ ಬಳಕೆಯಾಗಿ ಮೂರು ಎಳೆ ಕೂಸುಗಳು ತೀರಿಕೊಂಡವು. ಫ್ಲಷ್ ಮಾಡಲು ಹೋಗಿ ಆದದ್ದು ಅದು. ಹೆಪಾರಿನ್ ಎಳೆಯುವಾಗ ಇನ್ನೊಬ್ಬರನ್ನು ಕರೆದು ಲೇಬಲ್ ಓದಿಸುವುದನ್ನು ನಾನು ಎಷ್ಟೇ ಗಡಿಬಿಡಿ ಇದ್ದರೂ ಬಿಡುವುದಿಲ್ಲ.

ಈಗ ಮುಖ್ಯ ವಿಷಯ. ಲೈನ್ ಕಟ್ಟಿಕೊಳ್ಳುವುದು ಬಹುಪಾಲು ನಾವು ಫ್ಲಷ್ ಮಾಡುವ ರೀತಿಯಿಂದ. ಒಳಗೆ ಯಾವ ದ್ರವ ಇತ್ತು ಅನ್ನುವುದು ಆಮೇಲಿನ ಮಾತು. ಹಬ್ (ಸಿರಿಂಜ್ ಜೋಡಿಸುವ ಬಾಯಿ) ಅನ್ನು ಸ್ಪಿರಿಟ್ ಸ್ವಾಬ್‌ನಿಂದ 15 ಸೆಕೆಂಡ್ ಗಟ್ಟಿಯಾಗಿ ಉಜ್ಜಿ, ಒಣಗಲು ಬಿಡಬೇಕು. ಸಿರಿಂಜ್ 10 ಎಂಎಲ್‌ನದೇ ಬೇಕು, ಚಿಕ್ಕ ಸಿರಿಂಜ್‌ನಲ್ಲಿ ಒತ್ತಡ ಜಾಸ್ತಿಯಾಗಿ ಕ್ಯಾತಿಟರ್ ಒಡೆಯಬಹುದು. ಮೊದಲು ಮೆಲ್ಲಗೆ ಎಳೆದು ರಕ್ತ ಬರುತ್ತದಾ ನೋಡುತ್ತೇನೆ. ಆಮೇಲೆ ಒಂದೇ ಸಮನೆ ತಳ್ಳದೆ ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳುತ್ತೇನೆ, ಹೀಗೆ ಮಾಡಿದರೆ ಒಳಗೆ ಸುಳಿ ಎದ್ದು ಗೋಡೆಗೆ ಅಂಟಿದ್ದು ತೊಳೆದು ಹೋಗುತ್ತದೆ. ಔಷಧಿ ಕೊಟ್ಟ ಮೇಲೆ 10 ಎಂಎಲ್, ರಕ್ತ ತೆಗೆದ ಮೇಲೆ ಅಥವಾ ರಕ್ತ ಕೊಟ್ಟ ಮೇಲೆ 20 ಎಂಎಲ್. ಮಕ್ಕಳಿಗೆ ಮತ್ತು ನೀರಿನ ಲೆಕ್ಕ ಬಿಗಿಯಾಗಿರುವವರಿಗೆ ಇದಕ್ಕಿಂತ ಕಡಿಮೆ, ಅದನ್ನು ಡಾಕ್ಟರನ್ನು ಕೇಳಿಯೇ ಮಾಡಬೇಕು.

ಕೊನೆಯ ಅರ್ಧ ಎಂಎಲ್ ಮೇಲೆ ನನಗೆ ತುಂಬಾ ಗಮನ. ಸಿರಿಂಜ್ ಪೂರ್ತಿ ಖಾಲಿ ಮಾಡಿದರೆ ಪಿಸ್ಟನ್ ಸ್ವಲ್ಪ ಹಿಂದಕ್ಕೆ ಬಂದು ಕ್ಯಾತಿಟರ್ ತುದಿಗೆ ರಕ್ತ ಎಳೆದುಕೊಳ್ಳುತ್ತದೆ, ಅಲ್ಲೇ ಹೆಪ್ಪು ಶುರುವಾಗುವುದು. ಹಾಗಾಗಿ ಅಷ್ಟು ಉಳಿಸಿ, ತಳ್ಳುತ್ತಿರುವಾಗಲೇ ಕ್ಲ್ಯಾಂಪ್ ಹಾಕಿ, ಆಮೇಲೆ ಸಿರಿಂಜ್ ಬಿಚ್ಚಬೇಕು. ಆದರೆ ಪಾಸಿಟಿವ್ ಪ್ರೆಷರ್ ಕನೆಕ್ಟರ್ (ಸಿರಿಂಜ್ ಬಿಚ್ಚಿದಾಗ ತಾನೇ ದ್ರವವನ್ನು ಮುಂದಕ್ಕೆ ತಳ್ಳುವ ಬಿರಡೆ) ಇದ್ದರೆ ಉಲ್ಟಾ, ಮೊದಲು ಸಿರಿಂಜ್ ಬಿಚ್ಚಿ ಆಮೇಲೆ ಕ್ಲ್ಯಾಂಪ್. ನಿಮ್ಮ ವಾರ್ಡ್‌ನಲ್ಲಿರುವ ಕನೆಕ್ಟರ್ ಯಾವುದು ಅಂತ ಇವತ್ತೇ ತಿಳಿದುಕೊಳ್ಳಿ.

ಹಾಗಾದರೆ ಹೆಪಾರಿನ್ ಎಲ್ಲಿ ಬೇಕು? ಡಯಾಲಿಸಿಸ್ ಕ್ಯಾತಿಟರ್‌ನಲ್ಲಿ. ಎಂಎಲ್‌ಗೆ 1000 ಯೂನಿಟ್‌ನದು ಸಾಮಾನ್ಯ, ಕೆಲವು ಕಡೆ 4% ಸಿಟ್ರೇಟ್ ಬಳಸುತ್ತಾರೆ. ಪ್ರತಿ ಲುಮೆನ್‌ಗೆ (ಕ್ಯಾತಿಟರ್ ಒಳಗಿನ ಪ್ರತಿ ದಾರಿಗೆ) ಎಷ್ಟು ಹಿಡಿಸುತ್ತದೆ ಅಂತ ಅದರ ಮೇಲೆಯೇ ಬರೆದಿರುತ್ತದೆ, ಅಷ್ಟೇ ತುಂಬಬೇಕು. ಮುಂದಿನ ಸಲ ಬಳಸುವ ಮೊದಲು ಅದನ್ನು ಹೊರಗೆ ಎಳೆದು ಚೆಲ್ಲಲೇಬೇಕು, ಸುಮ್ನೆ ಒಳಗೆ ತಳ್ಳಿದರೆ ರೋಗಿಗೆ ರಕ್ತಸ್ರಾವ ಆಗಬಹುದು. ಕೀಮೋ ಪೋರ್ಟ್ (ಕ್ಯಾನ್ಸರ್ ಔಷಧಿ ಕೊಡಲು ಚರ್ಮದ ಕೆಳಗೆ ಇಡುವ ಸಾಧನ) ತಿಂಗಳುಗಟ್ಟಲೆ ಸುಮ್ಮನಿರುವುದರಿಂದ ಎಷ್ಟೋ ಕಡೆ 100 ಯೂನಿಟ್‌ನದನ್ನು ಹಾಕುತ್ತಾರೆ, ಸಲೈನ್ ಮಾತ್ರ ಬಳಸುವ ಕಡೆಗಳೂ ಇವೆ. ತುದಿಯಲ್ಲಿ ವಾಲ್ವ್ ಇರುವ ಗ್ರೋಶಾಂಗ್ ಥರದ ಲೈನ್‌ಗೆ ಸಲೈನ್ ಸಾಕು. ಹೆಪಾರಿನ್ ಇರುವ ಲೈನ್‌ನಲ್ಲಿ ವ್ಯಾಂಕೊಮೈಸಿನ್, ಜೆಂಟಾಮೈಸಿನ್, ಅಮಿಯೊಡರೋನ್ ಕೊಡುವುದಾದರೆ ನಡುವೆ ಸಲೈನ್ ಹೋಗಲೇಬೇಕು, ಇಲ್ಲದಿದ್ದರೆ ಎರಡೂ ಸೇರಿ ಗಸಿ ಕಟ್ಟಬಹುದು. ಎಪಿಟಿಟಿಗೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ) ಆ ಲೈನ್‌ನಿಂದ ರಕ್ತ ತೆಗೆದರೆ ರಿಪೋರ್ಟ್ ಕೆಡಬಹುದು, ಕೈಯ ರಕ್ತನಾಳದಿಂದಲೇ ತೆಗೆಯುವುದು ಒಳ್ಳೆಯದು.

ಲೈನ್ ಕಟ್ಟಿಕೊಂಡರೆ ಜೋರಾಗಿ ತಳ್ಳಬೇಡಿ. ಮೊದಲು ಕ್ಲ್ಯಾಂಪ್, ಮಡಿಕೆ, ಹೊಲಿಗೆ ನೋಡಿ, ರೋಗಿಯ ಕೈ ಎತ್ತಿಸಿ, ಮಗ್ಗುಲು ಬದಲಾಯಿಸಿ, ಕೆಮ್ಮಿಸಿ ನೋಡಿ. ಆದರೂ ಆಗದಿದ್ದರೆ ಡಾಕ್ಟರನ್ನು ಕರೆಯಿರಿ. ಹೆಪ್ಪೇ ಆಗಿದ್ದರೆ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಔಷಧಿಯನ್ನು 2 ಎಂಜಿ ಲೈನ್ ಒಳಗೆ ಬಿಟ್ಟು ಕಾಯುತ್ತಾರೆ. ಹೆಪಾರಿನ್ ಆಗಲೇ ಕಟ್ಟಿದ ಹೆಪ್ಪನ್ನು ಕರಗಿಸುವುದಿಲ್ಲ, ಅದಕ್ಕಾಗಿ ಅದನ್ನು ಹಾಕಬೇಡಿ.